ಕನಾತಿನಾಚೆಯ ಆಟ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರು ನನ್ನ ಅಕ್ಕನ ಮೇಲೆ ಅನುಮಾನ ಪಡುವುದಿಲ್ಲ, ಗದ್ವಾಲಿನವರನ್ನು ಬೈಯುವುದಿಲ್ಲ, ಪಾಪದ ಜಮಾದಾರ ಸಾಹೇಬರ ಸೀಟಿಯ ಮೇಲೆ ಅಪವಾದ ಹೊರಿಸುವುದಿಲ್ಲ. ಗದ್ವಾಲಿನಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಆಟ ನಟ್ಟನಡುವೆ ಕೆಟ್ಟು ನಿಂತದ್ದೂ, ಅಕ್ಕನಿಗೆ ಸಿಗಬೇಕಾದ ಕಾಲೇಜಿನ ಕೆಲಸ ಕೈತಪ್ಪುವಂತಾದದ್ದೂ ನನ್ನ ಬಾಯಿಯ ದೆಸೆಯಿಂದ. ಬಾಯಿ ಅಂದೆ, ಮಾತು ಅನ್ನಲಿಲ್ಲ. ನನ್ನ ಮಾತನ್ನು ನಾರಾಯಣಪೇಟೆಯಲ್ಲಿ ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ದೇವರು ನನಗೆ ಕಾಲು ಕೊಡುವಾಗ ಕೈ ಬಿಗಿಹಿಡಿದ, ಮೂಗು ಕೊಡುವಾಗ ಧಾರಾಳವಾದ, ಗಂಟಲು ಕೊಡುವಾಗ ಪೂರ್ತಿ ಮೈಮರೆತ. ಒಮ್ಮೆ ಕೇಳಿದ ದನಿ ನನ್ನ ಗಂಟಲಿನಲ್ಲಿ ಬಾಡಿಗೆಗೆ ಬಂದು ಕೂರುತ್ತಿತ್ತು. ಹಿತ್ತಲಲ್ಲಿ ನಿಂತು ಅಪ್ಪನ ದನಿಯಲ್ಲಿ ‘ಚಹಾ ತಾ’ ಅಂದರೆ ಅವ್ವ ಚಹಾ ತರುತ್ತಿದ್ದಳು. ಅವ್ವನ ದನಿಯಲ್ಲಿ ‘ಚಹಾಪುಡಿ ತೀರೈತ್ರಿ’ ಅಂದರೆ ಅಪ್ಪ ಅಂಗಿ ಹಾಕಿಕೊಂಡು ಅಂಗಡಿಗೆ ಹೊರಡುತ್ತಿದ್ದರು. ಮ್ಯಾಟ್ರಿಕ್‌ನಲ್ಲಿ ನಪಾಸಾದ ದಿನ ಹೆಡ್‌ಮಾಸ್ತರರ ದನಿಯಲ್ಲಿ ನನಗೆ ನಾನೇ ಬೈದುಕೊಂಡೆ. ಅಷ್ಟು ಚೆನ್ನಾಗಿ ಬೈದೆನೆಂದರೆ ಅಪ್ಪ ಬೈಯಬೇಕೆಂದಿದ್ದವರು ಬಿಟ್ಟುಬಿಟ್ಟರು.

ಇನ್ನು ಅಕ್ಕ. ಅವಳು ನನಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು, ಎತ್ತರದಲ್ಲಿ ಬಹಳ. ಹೆಣ್ಣು ನೋಡಲು ಬಂದವರ ಮುಂದೆ ಚಹಾದ ತಟ್ಟೆ ಹಿಡಿದು, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ‘ಹುಡುಗಿಗೆ ನಾಚಿಕಿ ಭಾಳ’ ಎಂದು ಅವರು ಮೆಚ್ಚುತ್ತಿದ್ದರು. ನಾಚಿಕೆ ಎಲ್ಲಿಂದ ಬರಬೇಕು, ಚೌಕಟ್ಟು ಹಣೆಗೆ ಬಡಿಯುತ್ತಿತ್ತು. ಒಳಗೆ ಬಂದು ನೆಟ್ಟಗೆ ನಿಂತಳೋ, ವರನ ತಾಯಿ ಒಮ್ಮೆ ಅಕ್ಕನನ್ನು ನೋಡುವರು, ಒಮ್ಮೆ ಮಗನನ್ನು ನೋಡುವರು, ಚಹಾ ಮುಗಿಸಿ ಎದ್ದು ಹೋಗುವರು. ಆ ಸಂಜೆ ನಾನು ಆ ತಾಯಿಯ ಮುಖ ಮಾಡಿ ತೋರಿಸಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವ್ವ ಮಾತ್ರ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಇಂಥ ಎತ್ತರಕ್ಕೂ ಲೋಕದಲ್ಲಿ ಒಂದು ಉದ್ಯೋಗ ಉಂಟೆಂದು ಅಕ್ಕನಿಗೆ ಗೊತ್ತಾದದ್ದು ಹೈದರಾಬಾದಿನಲ್ಲಿ. ಸೋದರತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದಾಗ ಒಬ್ಬ ದೊರೆಸಾನಿ ಅವಳ ಕೈಗೆ ಚೆಂಡು ಕೊಟ್ಟು, ಕಂಬದ ಮೇಲಿನ ಕಬ್ಬಿಣದ ಬಳೆಯನ್ನು ತೋರಿಸಿ, ‘ಅದರೊಳಗೆ ಹಾಕು’ ಅಂದರಂತೆ. ಅಕ್ಕ ಹಾಕಿದಳು. ದೊರೆಸಾನಿ ಇನ್ನೊಮ್ಮೆ ಹಾಕು ಅಂದರು. ಅಕ್ಕ ಇನ್ನೊಮ್ಮೆ ಹಾಕಿದಳು. ಅವಳ ಎತ್ತರವನ್ನು ನೋಡಿ ಸಂತೋಷಪಟ್ಟ ಮೊದಲ ಮನುಷ್ಯರು ಆ ದೊರೆಸಾನಿಯೇ.

ಓದು ಮುಗಿಸಿ ಊರಿಗೆ ಬಂದು ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸುವ ಅಕ್ಕೋರಾದಳು. ಒಂದು ಚೆಂಡು, ಒಂದು ಹಿತ್ತಾಳೆಯ ಸೀಟಿ ಅವಳ ಆಸ್ತಿ. ಬುಟ್ಟಿ ಬೇಕಲ್ಲ? ಕಬ್ಬಿಣದ ಬಳೆ ಯಾರು ಮಾಡಿಕೊಡಬೇಕು? ಮೇದಾರ ಮುದುಕನಿಗೆ ಹೇಳಿದಳು, ತಳ ಇಲ್ಲದ ಬುಟ್ಟಿ ಹೆಣೆದು ಕೊಡು ಎಂದು.

“ತಳ ಇಲ್ದಂಗ?” ಅಂದ ಮುದುಕ. “ಅಕ್ಕೋರ, ನಮ್ಮ ಮುತ್ಯಾನ ಕಾಲ್ದಾಗೂ ಅಂಥಾದ್ದು ನಮ್ಮನ್ಯಾಗ ಹುಟ್ಟಿಲ್ರಿ. ನಾ ಬುಟ್ಟಿ ಮಾಡಾಂವ. ತೂತು ಮಾಡಿ ಕೊಟ್ರ ನಾಳಿ ಸಂತ್ಯಾಗ ನಂಗ ಮಾರಿ ತೋರ್ಸಾಕ ಆಕ್ಕತೇನ್ರಿ?”

ಕೊನೆಗೆ ತಂದುಕೊಟ್ಟ. ಬಿಗಿಯಾದ ತಳ, ನೀರು ಹಾಕಿದರೂ ಸೋರದಂಥದ್ದು. ಮೊದಲ ಕೆಲವು ದಿನ ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಆಟ ನಿಲ್ಲಿಸಿ, ಗಳ ತಂದು ಕೆಳಗಿನಿಂದ ತಿವಿದು ತೆಗೆಯುತ್ತಿದ್ದರು. ಒಂದು ದಿನ ಅಕ್ಕ ಕುಡುಗೋಲು ತಂದು ತಳವನ್ನು ಕೊಯ್ದೇಬಿಟ್ಟಳು. ಮುದುಕ ಆಮೇಲೆ ಶಾಲೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದ.

ಆಡುವ ಹುಡುಗಿಯರು ಹೆಚ್ಚಿನವರು ನೇಕಾರರ ಮನೆಯವರು. ಆಗ ಹೆಣ್ಣುಮಕ್ಕಳ ಆಟದಲ್ಲಿ ಚೆಂಡು ಹಿಡಿದು ಓಡುವಂತಿರಲಿಲ್ಲ. ಹಿಡಿಯಬೇಕು, ನಿಂತಲ್ಲಿಂದಲೇ ಎಸೆಯಬೇಕು. ಮಗ್ಗದ ಮನೆಯ ಹುಡುಗಿಗೆ ಇದನ್ನು ಕಲಿಸಬೇಕೇ? ಈ ಕೈಯಿಂದ ಲಾಳಿ ಹೊಡೆದು ಆ ಕೈಯಲ್ಲಿ ಹಿಡಿಯುವುದು ಅವರಿಗೆ ಉಸಿರಾಟದಷ್ಟೇ ರೂಢಿ. ತಂಡದ ನಾಯಕಿ ಅಂಥವಳೊಬ್ಬಳು. ನನ್ನನ್ನು ಕಂಡರೆ ಎಲ್ಲರೆದುರು ‘ಮಂಗ್ಯಾ ಅಣ್ಣಾ’ ಅನ್ನುತ್ತಿದ್ದಳು. ಅಣ್ಣಾ ಅಂತ ಸೇರಿಸಿದ್ದಕ್ಕೆ ನಾನು ಸಿಟ್ಟಾಗುವಂತಿರಲಿಲ್ಲ. ಬುಟ್ಟಿಗೆ ಚೆಂಡು ಹಾಕುವವಳು ಮಾತ್ರ ದಾಮರಗಿದ್ದದ ಕುರುಬರ ಹುಡುಗಿ, ಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ದಾರಿ ಬಿಟ್ಟ ಕುರಿಯ ಕೊಂಬಿನ ಪಕ್ಕಕ್ಕೆ, ಕುರಿಗೆ ತಾಗದಂತೆ, ಕಲ್ಲು ಬೀಸಿ ಬೆಳೆದವಳು. ಎಸೆಯುವ ಮೊದಲು ಕುರಿಗೆ ಅಂದಂತೆ ‘ಹುರ್ರ್’ ಅನ್ನದಿದ್ದರೆ ಅವಳ ಕೈ ಏಳುತ್ತಿರಲಿಲ್ಲ. ಆಟದ ಮೊದಲು ಬೀರಪ್ಪನ ಭಂಡಾರವನ್ನು ಚೆಂಡಿಗೆ ಹಚ್ಚುತ್ತಿದ್ದಳು. ಮುಗಿಯುವಷ್ಟರಲ್ಲಿ ಎರಡೂ ಕಡೆಯ ಹುಡುಗಿಯರು ಅರಿಸಿನ ಶಾಸ್ತ್ರದಿಂದ ಎದ್ದುಬಂದವರಂತೆ ಕಾಣುತ್ತಿದ್ದರು.

ನಾನು ಅಕ್ಕನಿಗೆ ಮಧ್ಯಾಹ್ನದ ಬುತ್ತಿ ತಲುಪಿಸುವವನು. ಶಾಲೆಯ ಗೋಡೆಯಾಚೆ ನಿಂತು, ನಾಲಿಗೆ ಮಡಚಿ ಅಂಗುಳಕ್ಕೆ ಒತ್ತಿ ಊದಿದೆನೆಂದರೆ ಅಕ್ಕನ ಹಿತ್ತಾಳೆಯ ಸೀಟಿಯೇ. ಒಳಗೆ ಆಟ ತಟ್ಟನೆ ನಿಲ್ಲುತ್ತಿತ್ತು. ‘ಯಾರು ಊದಿದ್ರು?’ ‘ಅಕ್ಕೋರು.’ ‘ನಾ ಊದಿಲ್ಲ.’ ನಾನು ಗೋಡೆಗೆ ಒರಗಿ ನಗುತ್ತಿದ್ದೆ.

ಇನ್ನೊಬ್ಬರಾಗಿದ್ದರೆ ಅಪ್ಪನಿಗೆ ದೂರು ಹೇಳುತ್ತಿದ್ದರು. ಅಕ್ಕ ಅದನ್ನೂ ಪಾಠ ಮಾಡಿಕೊಂಡಳು. “ಸೀಟಿ ಕೇಳಿದ ಕೂಡ್ಲೇ ಕಾಲು ನಿಲ್ಲಸಬ್ಯಾಡ್ರಿ,” ಎಂದು ಹುಡುಗಿಯರಿಗೆ ಹೇಳಿದಳು. “ಕಡೀತನಕ ಕೇಳ್ರಿ. ನನ್ನ ಸೀಟಿ ಒಳಗ ಕಾಳು ಐತಿ, ಕಡೀಗ ಗುಲುಗುಲು ಅಂತೈತಿ. ಆ ಮಂಗ್ಯಾಂದು ಬರೇ ಗಾಳಿ.” ವಾರ ಕಳೆಯುವಷ್ಟರಲ್ಲಿ ನಾನು ಎಷ್ಟು ಊದಿದರೂ ಒಳಗೆ ಚೆಂಡಿನ ಸದ್ದು ನಿಲ್ಲಲಿಲ್ಲ. ಬರೇ ಗಾಳಿ! ನನ್ನ ಕಲೆಗೆ ಯಾರೂ ಇಷ್ಟು ಅವಮಾನ ಮಾಡಿರಲಿಲ್ಲ.

ಬೇರೆ ಊರಿನವರೊಂದಿಗೆ ಮೊದಲ ಪಂದ್ಯ ಮಖ್ತಲ್‌ನಲ್ಲಿ ಗೊತ್ತಾಯಿತು. ಗಂಡಸರ ಕಣ್ಣಿಗೆ ಬೀಳದಂತೆ ಆಡಿಸುವುದಾದರೆ ಮಾತ್ರ ಕಳಿಸುತ್ತೇವೆ ಎಂದು ಹುಡುಗಿಯರ ಮನೆಯವರು ಅಂದರು. ಅಕ್ಕ ಮನೆಮನೆಗೆ ಹೋಗಿ ಮಾತು ಕೊಟ್ಟಳು: “ಸುತ್ತ ಕನಾತು ಕಟ್ಟಸ್ತೀನ್ರಿ. ನಿಮ್ಮ ಮಗಳ ಸೆರಗು ಸಹಾ ಹೊರಗಿನವರಿಗೆ ಕಾಣಂಗಿಲ್ಲ.” ಕನಾತೆಂದರೆ ಡೇರೆಯ ದಪ್ಪ ಬಟ್ಟೆಯ ಗೋಡೆ, ಗಂಡಸರ ತಲೆಗಿಂತ ಎತ್ತರ. ಬಟ್ಟೆಯೇನೋ ಸಿಕ್ಕಿತು. ಪಂಚರು ಯಾರು? ಈ ಸೀಮೆಯಲ್ಲಿ ಆಟದ ಕಾಯ್ದೆ ಬಲ್ಲ ಹೆಂಗಸರೆಂದರೆ ಎರಡೂ ತಂಡಗಳ ಅಕ್ಕೋರುಗಳು ಮಾತ್ರ. ಒಬ್ಬರ ನ್ಯಾಯ ಇನ್ನೊಬ್ಬರಿಗೆ ಆಗದು. ಆಗ ಮಖ್ತಲ್‌ನವರೇ ಆದ, ಪಲ್ಟಣದಿಂದ ನಿವೃತ್ತರಾದ ಜಮಾದಾರ ಸಾಹೇಬರನ್ನು ಒಪ್ಪಿಸಿದರು. ಅವರೋ ಗಂಡಸು. ಅವರೂ ಕನಾತಿನ ಹೊರಗೇ ಕೂರಬೇಕು!

ಹಾಗೇ ಆಯಿತು. ಜಮಾದಾರ ಸಾಹೇಬರು ಕುರ್ಚಿ ಹಾಕಿಸಿಕೊಂಡು, ಮರ್ಯಾದೆಗೆಂದು ಕನಾತಿಗೆ ಬೆನ್ನು ಮಾಡಿ ಕೂತರು. ಒಳಗಿನಿಂದ ಶಾಲೆಯ ಆಯಾ ಏನಾಯಿತೆಂದು ಕೂಗಿ ಹೇಳಬೇಕು, ಇವರು ಅದನ್ನು ಕೇಳಿ ತೀರ್ಪು ಕೊಟ್ಟು ಸೀಟಿ ಊದಬೇಕು. ‘ಒಬ್ಬಾಕಿ ಇನ್ನೊಬ್ಬಾಕೀನ ನೂಕ್ಯಾಳ್ರೀ!’ ಎಂದು ಒಳಗಿನಿಂದ ಕೂಗು. ‘ಜೋರಿಂದ ನೂಕಿದ್ಳೋ ಮೆಲ್ಲಕ ನೂಕಿದ್ಳೋ?’ ಎಂದು ಇವರ ವಿಚಾರಣೆ. ‘ನಡೂ ತರದಾಗ್ರೀ!’ ಆಮೇಲೆ ಸೀಟಿ. ಒಂದು ಕುಂದಿಲ್ಲದೆ ನಡೆಯಿತು.

ಹೊರಗೆ ಕೂಡಿದ್ದ ಗಂಡಸರಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ನಾಯಕಿಯ ‘ಇತ್ತ! ಇತ್ತ!’, ಕುರುಬರ ಹುಡುಗಿಯ ‘ಹುರ್ರ್’, ಚೆಂಡು ನೆಲಕ್ಕೆ ಬಡಿಯುವ ಸದ್ದು, ಕೈಗೆ ಕೂರುವ ಸದ್ದು, ಇವೆಲ್ಲ ಗೋಡೆಯಾಚೆ ನಿಂತು ಕಲಿತ ವಿದ್ಯೆ. ಕಲ್ಲಿನ ಮೇಲೆ ಹತ್ತಿ ನಿಂತೆ. ಒಳಗಿನ ಆಟವನ್ನು ಒಬ್ಬೊಬ್ಬರ ದನಿಯಲ್ಲಿ ಹೊರಗಿನವರಿಗೆ ಹೇಳತೊಡಗಿದೆ. ಸಂತೆಗೆ ಬಂದವರು ಸಂತೆ ಬಿಟ್ಟು ನಿಂತರು. ನಮ್ಮವರು ಗೆದ್ದರು, ನನ್ನ ಹೆಗಲ ಮೇಲೆ ಶಾಲು ಬಿತ್ತು. ಆಡಿದವರಿಗೆ ತಲಾ ಒಂದು ತೆಂಗಿನಕಾಯಿ.

ಅಕ್ಕ ಅವತ್ತು ಹೇಳಿದಳು, “ಲೇ ತಮ್ಮಾ, ಹೇಳೋದು ಹೇಳು. ಸೀಟಿ ಮಾತ್ರ ಮುಟ್ಟಬ್ಯಾಡ.”

“ನನ್ನ ಸೀಟಿ ಬರೇ ಗಾಳಿ ಅಲ್ಲೇನು, ಅದಕ್ಕ್ಯಾಕ ಅಂಜತಿ?” ಅಂದೆ.

ಈ ಮಖ್ತಲ್ ಪಂದ್ಯದ ಸುದ್ದಿ ಹೈದರಾಬಾದಿನ ದೊರೆಸಾನಿಯ ಮೂಲಕ ಅಲ್ಲಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲಮ್ಮನವರಿಗೆ ಮುಟ್ಟಿತು. ಅವರಿಗೆ ತಮ್ಮ ಬಾಸ್ಕೆಟ್‌ಬಾಲ್ ತಂಡವನ್ನು ತಯಾರು ಮಾಡುವವರೊಬ್ಬರು ಬೇಕಾಗಿತ್ತು. ಗದ್ವಾಲಿನವರೊಂದಿಗೆ ಪಂದ್ಯ ಗೊತ್ತಾದಾಗ, ಅಲ್ಲಿಗೆ ರೈಲಿದೆಯಲ್ಲ, ನಾನೇ ಬಂದು ನೋಡುತ್ತೇನೆ, ಸಂಜೆಯ ಗಾಡಿಗೆ ಹಿಂದಿರುಗುತ್ತೇನೆ ಎಂದು ಹೇಳಿ ಕಳಿಸಿದರು.

ಅದೇ ಹೊತ್ತಿಗೆ ಅಲಂಪುರದ ಸಂಬಂಧವೊಂದು ಬಂದಿತ್ತು. ವರನಿಗೆ ಬೆಲ್ಲದ ಅಂಗಡಿ, ಎರಡನೆಯ ಮದುವೆ, ಎತ್ತರ ಅಕ್ಕನ ಭುಜದವರೆಗೆ. ಕೆಟ್ಟವನಲ್ಲ. ಮಾತಾಡುವವರು ಅವನ ಸೋದರಮಾವ. ಅವರದು ಒಂದೇ ಷರತ್ತು, ಮದುವೆಯಾದ ಮೇಲೆ ಹುಡುಗಿ ಚೆಂಡು ಮುಟ್ಟಕೂಡದು. ಅಪ್ಪ ಮುನ್ಸಿಫ್ ಕಚೇರಿಯ ಗುಮಾಸ್ತರು. ಎದುರಿಗಿದ್ದವರು ಏನಂದರೂ ‘ಆತಲ್ರಿ’ ಅಂದು ರೂಢಿ. ಈ ಸಲ ಅಕ್ಕ ಅಪ್ಪನ ಮುಂದೆ ನಿಂತು ಕೇಳಿದಳು.

“ಅಪ್ಪಾ, ಕಾಲೇಜಿನ ಅಮ್ಮನವರು ಒಲ್ಲೆ ಅಂದ್ರ ನಾ ಅಲಂಪುರಕ್ಕ ಹೋಗ್ತೀನಿ, ಒಂದ್ ಮಾತು ಆಡಂಗಿಲ್ಲ. ಹೂಂ ಅಂದ್ರ?”

“ಹೂಂ ಅಂದ್ರ ನೋಡೋಣು ತಾಯಿ,” ಅಂದರು ಅಪ್ಪ. ಸೋದರಮಾವನಿಗೂ ‘ಆತಲ್ರಿ, ಗದ್ವಾಲಿನ ಆಟ ಆದ ಮ್ಯಾಲ ಮಾತಾಡೋಣು’ ಎಂದು ಹೇಳಿ ಕಳಿಸಿದರು. ಅಲಂಪುರ ಗದ್ವಾಲಿಗೆ ಹತ್ತಿರ. ‘ಹಂಗಾದ್ರ ನಾನೂ ಆಟಕ್ಕ ಬರ್ತೀನಿ’ ಅಂದರಂತೆ ಆ ಮಹಾರಾಯರು.

ಮಖ್ತಲ್‌ವರೆಗೆ ಚಕ್ಕಡಿ, ಅಲ್ಲಿಂದ ಜಮಾದಾರ ಸಾಹೇಬರನ್ನೂ ಕರೆದುಕೊಂಡು ಕೃಷ್ಣಾ ನದಿಗೆ. ಹರಿಗೋಲಿನಲ್ಲಿ ಹುಡುಗಿಯರು ಕಿರುಚಿದ್ದನ್ನು ನಾನು ಆಮೇಲೆ ಬಹಳ ದಿನ ಮಾಡಿ ತೋರಿಸುತ್ತಿದ್ದೆ. ನಾನು ಕಿರುಚಿದ್ದನ್ನು ನಾಯಕಿ ಮಾಡಿ ತೋರಿಸುತ್ತಿದ್ದಳು. ಅವಳದೇ ಹೆಚ್ಚು ಚೆನ್ನಾಗಿತ್ತು. ಅಕ್ಕ ಮಾತ್ರ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಆಚೆ ದಡವನ್ನೇ ನೋಡುತ್ತ ಕೂತಿದ್ದಳು. ಏನು ಮಾಡಿ ತೋರಿಸಿದರೂ ಅವತ್ತು ಅವಳು ನಗಲಿಲ್ಲ.

ಗದ್ವಾಲಿನಲ್ಲಿ ಕನಾತು ಇನ್ನೂ ಎತ್ತರ, ಜನ ಇನ್ನೂ ಹೆಚ್ಚು. ಗದ್ವಾಲಿನ ಸೀರೆ, ನಾರಾಯಣಪೇಟೆಯ ಸೀರೆ ಎಂದು ಮೊದಲಿನಿಂದಲೂ ಇರುವ ಜಗಳ, ಅದಕ್ಕೀಗ ಚೆಂಡೂ ಸೇರಿತ್ತು. ನಮ್ಮ ಹುಡುಗಿಯರು ಚೌಕಳಿಯ ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದರು, ಅವರು ಜರಿಯಂಚು ಮಿಂಚಿಸುತ್ತ ಬಂದಿದ್ದರು ಎಂದು ಕೇಳಿದ್ದೇ ಹೊರತು ಕಂಡವನಲ್ಲ. ಪ್ರಿನ್ಸಿಪಾಲಮ್ಮನವರು ಒಳಗೆ ಕೂತರು. ಹೊರಗೆ ಜಮಾದಾರ ಸಾಹೇಬರು, ಅಪ್ಪ, ಎದುರಿನ ಕುರ್ಚಿಯಲ್ಲಿ ಅಲಂಪುರದ ಸೋದರಮಾವ, ಕಟ್ಟೆಯ ಮೇಲೆ ನಾನು.

ಆಟ ಬಿಗಿಯಾಗಿತ್ತು. ಅವರೊಂದು ಹಾಕಿದರೆ ನಾವೊಂದು. ಒಳಗಿನ ಆಯಾ ತೆಲುಗಿನವಳು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ‘ಪಡಿಂದೀ!’ ಎಂದು ಚೀರುತ್ತಿದ್ದಳು. ನನಗೆ ಭೂತ ಹೊಕ್ಕಂತಾಗಿತ್ತು. ಆಯಾ ಆದೆ, ನಾಯಕಿ ಆದೆ, ಗದ್ವಾಲಿನ ಅಕ್ಕೋರು ಆದೆ. ಅವರನ್ನು ಅಲ್ಲಿಯವರು ಪಂತುಲಮ್ಮ ಎನ್ನುತ್ತಿದ್ದರು. ಜನ ನಕ್ಕಷ್ಟೂ ನಾನು ಏರಿದೆ. ಜಮಾದಾರ ಸಾಹೇಬರು ಬಸಿಯಲ್ಲಿ ಚಹಾ ಹುಯ್ದು ಊದುತ್ತಿದ್ದುದು ಕಂಡಿತು. ಅವರನ್ನೂ ಬಿಡಲಿಲ್ಲ. ಎದೆ ಉಬ್ಬಿಸಿ, ಮೀಸೆ ತಿರುವಿ, ‘ಈಗ ಜಮಾದಾರ್ ಸಾಬ್ರು ಸೀಟಿ ಎತ್ತಿದ್ರು, ಬಾಯಿಗಿಟ್ರು, ನೋಡ್ರಪಾ…’ ಅಂದೆ. ಅಷ್ಟಕ್ಕೆ ಬಿಡಬೇಕಿತ್ತು. ಊದಿಬಿಟ್ಟೆ.

ಒಳಗೆ ಗದ್ವಾಲಿನ ಹುಡುಗಿಯರು ನಿಂತರು. ನಮ್ಮವರು ನಿಲ್ಲಲಿಲ್ಲ. ‘ಹುರ್ರ್’ ಎಂದದ್ದು ಕೇಳಿತು, ಆಮೇಲೆ ‘ಪಡಿಂದೀ!’

ಕನಾತು ಹರಿಯುವಂತೆ ಪಂತುಲಮ್ಮ ಕೂಗಿದರು. “ಏಮಂಡೀ ಜಮಾದಾರ್ ಸಾಬ್! ನೀವು ಸೀಟಿ ಊದಿದ ಮ್ಯಾಲ ಬಿದ್ದ ಚೆಂಡು ಹೆಂಗ ಲೆಕ್ಕಕ್ಕ ಬರತೈತಿ?”

“ನಾ ಊದಿಲ್ಲಮ್ಮಾ! ಖುದಾ ಕಸಂ, ಚಹಾ ಊದಾಕತ್ತಿದ್ದೆ!”

“ನಮ್ಮ ಹುಡುಗೇರ ಕಿವಿ ಎಲ್ಲಾ ಕೆಟ್ಟಾವೇನು?”

ಜಮಾದಾರ ಸಾಹೇಬರು ಎದ್ದು ನಿಂತರು. “ಪಲ್ಟಣದಾಗ ಜನ್ಮ ಕಳದೀನಿ. ನನ್ನ ಸೀಟಿ ಮ್ಯಾಲ ಶಕ್ ಮಾಡಿದವ್ರು ಇಲ್ಲ. ಸಲಾಂ. ನಾ ಹೊಂಟೆ,” ಎಂದು ಕೋಲು ತಗೊಂಡರು.

ಅವರು ಹೋದರೆ ಆಟ ಅಲ್ಲಿಗೆ ಮುಗಿದಂತೆ. ಪ್ರಿನ್ಸಿಪಾಲಮ್ಮನವರು ಸಂಜೆಯ ಗಾಡಿ ಹತ್ತುತ್ತಾರೆ, ಅಕ್ಕ ಅಲಂಪುರದ ದಾರಿ ಹಿಡಿಯುತ್ತಾಳೆ. ಎದುರಿನ ಕುರ್ಚಿಯಲ್ಲಿ ಸೋದರಮಾವನವರು ಕಾಲ ಮೇಲೆ ಕಾಲು ಹಾಕಿಕೊಂಡರು. ನನ್ನ ಗಂಟಲಲ್ಲಿದ್ದ ಬಾಡಿಗೆದಾರರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದರು. ಉಳಿದ ನನ್ನದೇ ಸಣ್ಣ ದನಿಯಲ್ಲಿ ಹೇಳಿದೆ, “ನಾ ಊದಿದೆ. ಬಾಯಿಲೆ.”

ಒಳಗಿದ್ದವರು ಯಾರೂ ನಂಬಲಿಲ್ಲ. ಅಕ್ಕನನ್ನು ಉಳಿಸಲು ಸುಳ್ಳು ಹೇಳುತ್ತಾನೆ ಎಂದರು. ಹಾಗಾದರೆ ಊದಿ ತೋರಿಸು ಎಂದು ಒಳಗಿನಿಂದ ಪ್ರಿನ್ಸಿಪಾಲಮ್ಮನವರ ದನಿ ಬಂತು. ಊದಿದೆ. ಜಮಾದಾರ ಸಾಹೇಬರು ಗಾಬರಿಯಾಗಿ ಎದೆ ಮುಟ್ಟಿಕೊಂಡು, ತಮ್ಮ ಸೀಟಿ ದಾರದಲ್ಲೇ ಇದೆಯೋ ಇಲ್ಲವೋ ಎಂದು ನೋಡಿಕೊಂಡರು. ಜನ ಕೇಕೆ ಹಾಕಿದರು. ಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು, ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

“ಹಂಗಂದ್ರ ಇದು ಹೂಟ!” ಪಂತುಲಮ್ಮನವರಿಗೆ ಈಗ ಇನ್ನೂ ಒಳ್ಳೆಯ ದಾರಿ ಸಿಕ್ಕಿತು. “ತಮ್ಮ ಹೊರಗಿಂದ ಊದತಾನ, ನಮ್ಮ ಹುಡುಗೇರು ನಿಲ್ತಾರ, ಅಕ್ಕನ ಹುಡುಗೇರು ಬುಟ್ಟಿಗೆ ಹಾಕ್ತಾರ! ಮೊದ್ಲ ಹೇಳಿಕೊಟ್ಟು ಕರ್ಕೊಂಡು ಬಂದೀರಿ!”

ಹೂಟ ಎಂಬ ಮಾತು ಪ್ರಿನ್ಸಿಪಾಲಮ್ಮನವರ ಕಿವಿಗೆ ಬಿದ್ದಾಗಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು. ಅಷ್ಟರಲ್ಲಿ ಅಕ್ಕನ ದನಿ, ಶಾಲೆಯಲ್ಲಿ ಸಾಲು ನಿಲ್ಲಿಸುವಾಗಿನ ಅದೇ ದನಿ:

“ಆ ಬುಟ್ಟಿ ನಮಗ ಬ್ಯಾಡ. ತಗದ ಹಾಕ್ರಿ. ಚೆಂಡು ನಿಮ್ಮ ಕೈಯಾಗ ತಗೋರಿ, ಅಲ್ಲಿಂದ ಆಡೋಣು. ಇನ್ನೇನು ಬೇಕು ಹೇಳ್ರಿ.”

“ಮತ್ತ ಹೊರಗಿನ ಆ ಬಾಯಿ?”

“ಜಮಾದಾರ್ ಸಾಬ್ರ, ಅದಕ್ಕ ಏನರ ಬಂದೋಬಸ್ತ್ ಮಾಡ್ರಿ.”

ಜಮಾದಾರ ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು. ಅವರ ಮುಖದಲ್ಲಿ ಪಲ್ಟಣದ ಕಳೆ ಬಂದಿತ್ತು. ನೀರಿನ ಸುರಾಯಿ ತರಿಸಿದರು. “ಬಾಯಿ ತಗಿ,” ಅಂದರು. ಗಲ್ಲ ಉಬ್ಬುವಷ್ಟು ನೀರು ಹುಯ್ದರು. “ಆಟ ಮುಗಿಯೂತನಕ ನುಂಗಬ್ಯಾಡ, ಉಗುಳಬ್ಯಾಡ. ಒಂದ್ ಹನಿ ಬಿತ್ತು, ಗೊತ್ತೈತಲ್ಲ?”

ಹೀಗೆ ನಾನು ಕಟ್ಟೆಯ ಮೇಲೆ, ಕೊಡದಂತೆ ತುಂಬಿಕೊಂಡು, ಎಲ್ಲರ ಎದುರು ನಿಂತೆ. ಒಳಗೆ ಆಟ ಶುರುವಾಯಿತು. ಹೊರಗಿನವರಿಗೆ ಈಗ ಹೇಳುವವರಿಲ್ಲ. ಒಬ್ಬ ಚತುರ ಕಂಡುಹಿಡಿದ: “ಇವನ ಮಾರಿ ನೋಡ್ರೋ! ಗೊತ್ತಾಕ್ಕತಿ!” ತೀರಿತು. ಎಲ್ಲರೂ ಕನಾತಿಗೆ ಬೆನ್ನು ಮಾಡಿ ನನ್ನ ಗಲ್ಲವನ್ನೇ ನೋಡತೊಡಗಿದರು. ನಮ್ಮವರು ಚೆಂಡು ಹಿಡಿದರೆ ಹುಬ್ಬು ಏರುತ್ತಿತ್ತು, ‘ಏರಿತು, ಏರಿತು’ ಅನ್ನುವರು. ಅವರು ಹಾಕಿದರೆ ಗಲ್ಲ ಜೋಲುತ್ತಿತ್ತು, ಗದ್ವಾಲಿನವರು ಚಪ್ಪಾಳೆ ತಟ್ಟುವರು. ಬೇರೆಯವರ ಮುಖ ಮಾಡಿ ತೋರಿಸಿ ಬದುಕಿದವನು ನಾನು. ನನ್ನ ಮುಖವನ್ನೇ ಊರೆಲ್ಲ ಓದುವ ಕಾಲ ಬಂದಿತ್ತು.

ಅವರು ಮುಂದೆ ಹೋದರು. ನಾವು ಹಿಡಿದೆವು. ಮತ್ತೆ ಅವರು. ಜಮಾದಾರ ಸಾಹೇಬರು ಜೇಬಿನ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡರು. ನಾಯಕಿಯ ‘ಇತ್ತ!’ ಕೇಳಿತು, ಬುಟ್ಟಿಗೆ ಬಿತ್ತು, ಸರಿಸಮವಾಯಿತು. ಅಪ್ಪ ಯಾವಾಗ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತರೋ ತಿಳಿಯದು. ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದರು. “ಏನಾತೋ? ಏನಾಕತ್ತೈತೋ?” ಎಂದು ಪಿಸುಗುಡುತ್ತಿದ್ದರು, ನಾನು ಉತ್ತರ ಹೇಳಬಲ್ಲೆನೋ ಎಂಬಂತೆ.

ಒಳಗೆ ಓಡಾಟ, ತಳ್ಳಾಟ, ಬಳೆಗಳ ಸದ್ದು. ಚೆಂಡು ಕೈಯಿಂದ ಕೈಗೆ ಹಾರುತ್ತಿತ್ತು, ನೆಲ ಮುಟ್ಟುತ್ತಲೇ ಇರಲಿಲ್ಲ. ಮಗ್ಗದ ಮನೆಯ ಕೈಗಳೆಂದು ನನಗೆ ತಿಳಿಯಿತು. ಆಮೇಲೆ ಕ್ಷಣಕಾಲ ಎಲ್ಲ ನಿಂತಂತಾಗಿ, ‘ಹುರ್ರ್’.

ಅದರ ಅರ್ಥ ಬಲ್ಲವನು ಕನಾತಿನ ಹೊರಗೆ ನಾನೊಬ್ಬನೇ. ಆಯಾ ಚೀರುವ ಮೊದಲೇ ನನಗೆ ಗೊತ್ತಾಯಿತು. “ಪಡಿಂದೀ!” ಎಂದು ಅವಳು ಅಂದದ್ದೂ, ಜಮಾದಾರ ಸಾಹೇಬರು ಎದೆತುಂಬ ಉಸಿರೆಳೆದು ನಿಜವಾದ ಸೀಟಿಯನ್ನು ನಿಜವಾಗಿ ಊದಿದ್ದೂ, ನನ್ನ ಬಾಯಿಯ ಅಷ್ಟೂ ನೀರು ಕಾರಂಜಿಯಾಗಿ ಚಿಮ್ಮಿ ಅಲಂಪುರದ ಸೋದರಮಾವನವರ ರುಮಾಲು, ಮೀಸೆ, ಇಸ್ತ್ರಿ ಮಾಡಿದ ಕೋಟುಗಳ ಮೇಲೆ ಇಳಿದದ್ದೂ ಒಂದೇ ಹೊತ್ತಿಗೆ. ನಾರಾಯಣಪೇಟೆಯಿಂದ ಬಂದ ಹತ್ತಾರು ಮಂದಿ ನನ್ನನ್ನು ಎತ್ತಿ ಕುಣಿಸಿದರು. ನಾನು ಏನನ್ನೂ ಆಡಿರಲಿಲ್ಲ ಎಂದು ಹೇಳಲು ಹೋಗಲಿಲ್ಲ. ಅಷ್ಟು ಮೂರ್ಖನಲ್ಲ.

ಹುಡುಗಿಯರನ್ನು ಮುಚ್ಚಿದ ಬಂಡಿಗಳಲ್ಲಿ ಕೂರಿಸಿದ ಮೇಲೆ ಪ್ರಿನ್ಸಿಪಾಲಮ್ಮನವರು ಹೊರಗೆ ಬಂದರು. ಅವರಿಗೆ ಪರದೆಯಿಲ್ಲ, ಮುಖದಲ್ಲಿ ನಗೆಯೂ ಇಲ್ಲ. ಹಿಂದೆ ಅಕ್ಕ, ಅಂಗೈ ತುಂಬ ಅರಿಸಿನ. ಅವರು ಉರ್ದುವಿನಲ್ಲಿ ಕೇಳಿದರು, ಅಕ್ಕ ಉರ್ದುವಿನಲ್ಲೇ ಉತ್ತರ ಕೊಟ್ಟಳು. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

“ಚೆಂಡು ಬಿಟ್ಟುಕೊಟ್ಟಿದ್ದು ಸರಿ ಆತು. ಆದ್ರ ಸೀಟಿ ಆದ್ರೂ ನಿನ್ನ ಹುಡುಗೇರು ನಿಲ್ಲಲಿಲ್ಲ. ಇದು ಯಾವ ಶಿಸ್ತಮ್ಮಾ?”

“ಸೀಟಿಗೆ ನಿಲ್ಲೋದು ಯಾರರ ಕಲಸ್ತಾರಮ್ಮಾ,” ಅಂದಳು ಅಕ್ಕ. “ಊದಿದವ್ರು ಯಾರು ಅಂತ ಕೇಳಿ ನಿಲ್ಲೋದು ನಾ ಕಲಿಸೀನಿ.”

ಪ್ರಿನ್ಸಿಪಾಲಮ್ಮನವರು ಅಕ್ಕನನ್ನು ಕಾಲಿಂದ ತಲೆಯವರೆಗೆ ನೋಡಿದರು. ಅದಕ್ಕೆ ತುಸು ಹೊತ್ತು ಹಿಡಿಯಿತು, ಎತ್ತರ ಅಷ್ಟಿತ್ತು. “ರಜೆ ಮುಗಿದ ಮ್ಯಾಲ ಬಾ,” ಎಂದರು. ಟಾಂಗಾ ಹತ್ತಿ ಸ್ಟೇಷನ್ನಿಗೆ ಹೋದರು.

ಅಕ್ಕ ಹೋಗಿ ಈಗ ಕೆಲವು ವರ್ಷ ಆಯಿತು. ಪರದೆಯ ಮೋಟಾರಿನಲ್ಲಿ ಬರುವ ದೊಡ್ಡ ಮನೆಗಳ ಹುಡುಗಿಯರಿಗೆ ಲಾಳಿ ಹಿಡಿಯುವುದನ್ನು ಕಲಿಸಿ ಚೆಂಡು ಹಿಡಿಸಿದಳು. ಮೊದಲ ವರ್ಷ ಸೋತರು, ಎರಡನೆಯ ವರ್ಷ ನಗರದ ಕಾಲೇಜುಗಳಲ್ಲೆಲ್ಲ ಗೆದ್ದರು, ಆಮೇಲೆ ಗೆಲ್ಲುವುದು ಚಾಳಿಯಾಗಿಬಿಟ್ಟಿತು. ಕುರುಬರ ಹುಡುಗಿ ಈಗ ಅದೇ ಕಾಲೇಜಿನಲ್ಲಿ ಓದುತ್ತಾಳೆ. ಅವಳಿಂದ ಕಲಿತು ನವಾಬರ ಮನೆಯ ಹುಡುಗಿಯರೂ ಎಸೆಯುವ ಮೊದಲು ‘ಹುರ್ರ್’ ಅನ್ನುತ್ತಾರಂತೆ. ಗದ್ವಾಲಿನ ಪಂತುಲಮ್ಮ ತಮ್ಮ ಚುರುಕಾದ ಹುಡುಗಿಯರನ್ನು ಅಕ್ಕನ ಕೈಗೇ ಕಳಿಸುತ್ತಾರೆ. ‘ತಮ್ಮನ್ನ ಮಾತ್ರ ದೂರ ಇಡಮ್ಮಾ’ ಎಂದು ಪ್ರತಿ ಸಲ ಹೇಳಿಕಳಿಸುತ್ತಾರೆ. ತಂಡದ ಫೋಟೋದಲ್ಲಿ ಅಕ್ಕ ಹಿಂದಿನ ಸಾಲಿನಲ್ಲಿ, ತಲೆ ತಗ್ಗಿಸದೆ ನಿಂತಿದ್ದಾಳೆ. ಫೋಟೋದವನೇ ಕ್ಯಾಮೆರಾ ಹಿಂದಕ್ಕೆ ಒಯ್ದನಂತೆ.

ಆದರೆ ಇದೆಲ್ಲ ಆಗಬೇಕಾದರೆ ಅವತ್ತು ಗದ್ವಾಲಿನಲ್ಲಿ ಇನ್ನೊಂದು ಮಾತು ತೀರಬೇಕಿತ್ತು. ಪ್ರಿನ್ಸಿಪಾಲಮ್ಮನವರು ಹೂಂ ಅಂದರು, ಸರಿ. ‘ಹೂಂ ಅಂದ್ರ ನೋಡೋಣು’ ಎಂದಿದ್ದ ಅಪ್ಪ ಇನ್ನೂ ನೋಡಿರಲಿಲ್ಲ. ಟಾಂಗಾದ ಧೂಳು ಇಳಿಯುವ ಮೊದಲೇ ಸೋದರಮಾವನವರು ಕೋಟು ಹಿಂಡಿಕೊಳ್ಳುತ್ತ ಅಪ್ಪನ ಎದುರಿಗೆ ಬಂದರು. ಕನಾತು ಬಿಚ್ಚುತ್ತಿದ್ದ ಆಳುಗಳೂ ಕೈ ನಿಲ್ಲಿಸಿ ನೋಡಿದರು. ಅಕ್ಕ ಚೆಂಡನ್ನು ಸೆರಗಿನಿಂದ ಒರೆಸುತ್ತ ಒಂದು ಪಕ್ಕ ನಿಂತಳು.

“ಹುಡುಗರಾಟ, ಆಗಿದ್ದಾತು. ನಿಮ್ಮ ಮಗ ನನ್ನ ಮ್ಯಾಲ ಉಗುಳಿದ್ದನ್ನೂ ನಾವು ಮನಸಿನ್ಯಾಗ ಇಟ್ಗೊಳ್ಳಂಗಿಲ್ಲ,” ಅಂದರು ಸೋದರಮಾವ. “ದೊಡ್ಡ ಮನಸು ಮಾಡಿ ಹೇಳ್ತೀನಿ, ವೈಶಾಖದಾಗ ಲಗ್ನ ಇಟ್ಗೊಳ್ಳೋಣು. ಕಾಲೇಜು ಗೀಲೇಜು ಬ್ಯಾಡ. ಆ ಚೆಂಡು ಇಲ್ಲೇ ಯಾರಿಗರ ಕೊಟ್ಟು ಬಿಡ್ಲಿ. ಏನಂತೀರಿ?”

ನಾನು ‘ಆತಲ್ರಿ’ ಕೇಳಲು ಸಿದ್ಧನಾಗಿ ಕಣ್ಣು ಮುಚ್ಚಿದೆ. ಅಪ್ಪ ಹೆಗಲ ವಸ್ತ್ರ ತೆಗೆದು ಒದ್ದೆಯಾದ ಆ ಕೋಟನ್ನು ತಾವೇ ಒರೆಸಿದರು, ಕಾಲರು ಸರಿಮಾಡಿದರು, ಎರಡು ಕೈ ಜೋಡಿಸಿದರು.

“ನಿಮ್ಮ ಹುಡುಗಗ ಬ್ಯಾರೆ ಹೆಣ್ಣು ನೋಡ್ರಿ,” ಅಂದರು. “ನಮ್ಮ ಹುಡುಗಿಗೆ ಆಟ ಐತಿ.”